ಮುಖ ನೋಡಿದ್ದು ಸಾಕು, ಬೆನ್ನು ನೋಡಿ

ಹೋದ ಸಂಚಿಕೆಯಲ್ಲಿ ಹಾಸಿಗೆ ಹಿಡಿದ ಹಿರಿಯರನ್ನ ಮನೆಯಲ್ಲಿ ನೋಡ್ಕೊಳ್ಳೋದು ಹೇಗೆ ಅಂತ ಬರೆದಿದ್ದೆ ಅಲ್ವಾ, ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪತ್ರ ಆರೈಕೆ ಬಗ್ಗೆ ಅಲ್ಲವೇ ಅಲ್ಲ, ಆರೈಕೆ ಆಗ್ತಾನೇ ಇಲ್ಲ ಅನ್ನೋದರ ಬಗ್ಗೆ. ಹೊಡೆದ್ರು ಬಡಿದ್ರು ಅನ್ನೋದು ಕಮ್ಮಿ. ಕರೆದ್ರೆ ಬರಲ್ಲ, ಊಟ ಹೊತ್ತಿಗಿಲ್ಲ, ಬೆಳಗ್ಗೆ ಹಾಕಿದ ಡೈಪರ್ ಸಂಜೆವರೆಗೂ ಅದೇ, ಇಂಥವೇ ಜಾಸ್ತಿ. ಐದು ಪತ್ರ ಆರಿಸಿದೀನಿ, ಹೆಸರು ಯಾರದ್ದೂ ಹಾಕಿಲ್ಲ.

ಪ್ರಶ್ನೆ: ನಾನಿರೋದು ನ್ಯೂಜೆರ್ಸಿಯಲ್ಲಿ, ಅಮ್ಮ ಮೈಸೂರಲ್ಲಿ, 81 ವರ್ಷ. ಸೊಂಟದ ಮೂಳೆ ಮುರಿದು ಆಪರೇಷನ್ ಆದ್ಮೇಲೆ ಏಜೆನ್ಸಿ ಕಡೆಯಿಂದ 24 ಗಂಟೆ ಮನೆಯಲ್ಲೇ ಇರೋ ಹೋಮ್ ನರ್ಸ್ ಇಟ್ಟಿದೀವಿ. ದಿನಾ ವಿಡಿಯೋ ಕಾಲ್ ಮಾಡ್ತೀನಿ. ತಲೆ ಬಾಚಿರುತ್ತೆ, ಕುಂಕುಮ ಇಟ್ಟಿರುತ್ತೆ, ಆದ್ರೆ ಅಮ್ಮ ಈಚೆಗೆ ತುಂಬಾ ಇಳಿದುಹೋಗಿದಾರೆ, ಯಾವಾಗ ಮಾಡಿದ್ರೂ ನಿದ್ದೆಗಣ್ಣು, ಏನ್ ಕೇಳಿದ್ರೂ "ಎಲ್ಲಾ ಚೆನ್ನಾಗಿದೆ ಕಣೇ" ಅಂತಾರೆ. ಫೋನ್ ಹಿಡ್ಕೊಂಡಿರೋದು ಆ ಹುಡುಗೀನೇ. ನನಗೆ ಸುಮ್ಮನೆ ಅನುಮಾನನಾ?

ಉತ್ತರ: ಸುಮ್ಮನೆ ಅನುಮಾನ ಅಲ್ಲ, ಆದ್ರೆ ಇನ್ನೂ ತೀರ್ಮಾನವೂ ಅಲ್ಲ. ವಿಡಿಯೋ ಕಾಲಲ್ಲಿ ಕಾಣೋದು ಮುಖ, ಮತ್ತೆ ಕಾಲ್ ಬರೋ ಟೈಮು ಎಲ್ಲರಿಗೂ ಗೊತ್ತು, ಹತ್ತು ನಿಮಿಷ ಮುಂಚೆ ಮುಖ ಒರೆಸಿ ಕುಂಕುಮ ಇಟ್ರೆ ಮುಗೀತು. ನಿರ್ಲಕ್ಷ್ಯ ಇರೋದು ಕ್ಯಾಮೆರಾ ಹೋಗದ ಜಾಗಗಳಲ್ಲಿ. ಹಾಗಾಗಿ ಮೊದಲ ಕೆಲಸ, ನಂಬಿಕೆ ಇರೋ ಒಬ್ಬರನ್ನ, ಚಿಕ್ಕಮ್ಮನ ಮಗಳೋ ಅಮ್ಮನ ಭಜನಾ ಮಂಡಳಿ ಗೆಳತಿಯೋ ಯಾರಾದ್ರೂ ಹೆಂಗಸರನ್ನ, ಹೇಳದೇ ಕೇಳದೇ ಮನೆಗೆ ಕಳಿಸಿ. ಹೋದವರು ಸೋಫಾದಲ್ಲಿ ಕೂತು ಕಾಫಿ ಕುಡಿದು ಬರೋದಲ್ಲ. ಅಮ್ಮನ ಸ್ನಾನಕ್ಕೋ ಬಟ್ಟೆ ಬದಲಾಯಿಸೋದಕ್ಕೋ ಕೈ ಹಾಕಬೇಕು.

ಆಗ ಬೆನ್ನು ನೋಡ್ಲಿ. ಬೆನ್ನಿನ ಕೊನೆ, ಸೊಂಟದ ಎರಡೂ ಪಕ್ಕ, ಹಿಮ್ಮಡಿ, ಮೂಳೆ ಹಾಸಿಗೆಗೆ ಒತ್ತೋ ಜಾಗಗಳಿವು. ಕೆಂಪಗಿದ್ರೆ ಬೆರಳಲ್ಲಿ ಒತ್ತಿ ಬಿಡಿ, ಒಂದು ಕ್ಷಣ ಬಿಳಿಚಿಕೊಂಡು ಮತ್ತೆ ಕೆಂಪಾದ್ರೆ ಸದ್ಯ ಪರವಾಗಿಲ್ಲ, ಒತ್ತಿದ್ರೂ ಬಣ್ಣ ಬದಲಾಗದೇ ಇದ್ರೆ ಬೆಡ್‌ಸೋರ್, ಅಂದ್ರೆ ಮಲಗಿ ಮಲಗಿ ಆಗೋ ಹುಣ್ಣು, ಶುರು ಆಗಿದೆ ಅಂತ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣಲ್ಲ, ಆ ಜಾಗ ಸುತ್ತಮುತ್ತಲಿಗಿಂತ ಕಪ್ಪಗೆ, ಮುಟ್ಟಿದ್ರೆ ಬಿಸಿಯಾಗಿ ಗಟ್ಟಿಯಾಗಿ ಇರುತ್ತೆ. ಈ ಹಂತದಲ್ಲಿ ಎರಡೆರಡು ಗಂಟೆಗೆ ಮಗ್ಗುಲು ಬದಲಾಯಿಸಿ, ಏರ್ ಬೆಡ್ ಹಾಕಿ, ಒದ್ದೆ ಇರದಂಗೆ ನೋಡ್ಕೊಂಡ್ರೆ ಸಾಮಾನ್ಯವಾಗಿ ವಾಪಸ್ ಬರುತ್ತೆ, ಅದರ ಮೇಲೆ ಎಣ್ಣೆ ಹಾಕಿ ತಿಕ್ಕೋದು ಮಾತ್ರ ಬೇಡ. ಚರ್ಮ ಒಡೆದು ವಾಸನೆ ಬರ್ತಾ ಇದ್ರೆ, ಕಪ್ಪಾಗಿದ್ರೆ, ಜೊತೆಗೆ ಜ್ವರ ಇದ್ರೆ ಅವತ್ತೇ ಆಸ್ಪತ್ರೆ.

ಬೆನ್ನಾದ್ಮೇಲೆ ಉಗುರು, ನಾಲಿಗೆ. ನಾಲಿಗೆ ಒಣಗಿ ಬಿರುಕು ಬಿಟ್ಟಿದ್ರೆ, ಮೂತ್ರ ಗಾಢ ಹಳದಿ ಇದ್ರೆ ನೀರು ಸಾಕಾಗ್ತಿಲ್ಲ. ಕೆಲವು ಹೋಮ್ ನರ್ಸ್‌ಗಳು ಬೇಕಂತಲೇ ನೀರು ಕಮ್ಮಿ ಕೊಡ್ತಾರೆ, ರಾತ್ರಿ ಬಾತ್‌ರೂಮಿಗೆ ಎಬ್ಬಿಸೋದು ತಪ್ಪುತ್ತೆ ಅಂತ. ಹಲ್ಲು ಸೆಟ್ ಡಬ್ಬಿಯಲ್ಲೇ ಒಣಗ್ತಾ ಇದೆಯಾ, ಕನ್ನಡಕ ಎಲ್ಲಿದೆ, ವಾಕರ್ ಕೈಗೆ ಸಿಗೋ ಹಾಗಿದೆಯಾ ಇಲ್ಲ ಮೂಲೆ ಸೇರಿದೆಯಾ, ನೀರಿನ ಲೋಟ ಮಂಚದಿಂದ ಎಷ್ಟು ದೂರ. ಮಾತ್ರೆ ಸ್ಟ್ರಿಪ್‌ಗಳನ್ನ ತಾರೀಕು ಲೆಕ್ಕ ಹಾಕಿ ಎಣಿಸಿ. ಬಿಪಿ ಮಾತ್ರೆ ಜಾಸ್ತಿ ಉಳಿದಿದ್ರೆ ಒಂದು ಕಥೆ, ನಿದ್ದೆ ಮಾತ್ರೆ ಬೇಗ ಖಾಲಿ ಆಗಿದ್ರೆ ಇನ್ನೊಂದು ಕಥೆ.

ಆ ನಿದ್ದೆಗಣ್ಣು ವಿಷಯ ನನಗೆ ಜಾಸ್ತಿ ಕಾಡ್ತಾ ಇದೆ. ಆಸ್ಪತ್ರೆಯಲ್ಲಿದ್ದಾಗ ನಾಲ್ಕು ದಿನಕ್ಕೆ ಅಂತ ಬರೆದ ನಿದ್ದೆ ಮಾತ್ರೆ ಮನೆಗೆ ಬಂದ್ಮೇಲೂ ಹಾಗೇ ಮುಂದುವರಿಯೋದು, ಕೆಲವೊಮ್ಮೆ ಹಗಲಿಗೂ ಒಂದು ಸೇರ್ಕೊಳ್ಳೋದು, ಇದನ್ನ ವಾರ್ಡಲ್ಲಿ ಬೇಕಾದಷ್ಟು ನೋಡಿದೀನಿ. ಮಲಗಿದವರು ಕರೆಯಲ್ಲ, ಕೇಳಲ್ಲ, ನೋಡ್ಕೊಳ್ಳೋರಿಗೆ ಆರಾಮ. ಆದ್ರೆ ಮಲಗಿದವರು ತಿನ್ನಲ್ಲ, ಕುಡಿಯಲ್ಲ, ಮಗ್ಗುಲಾಗಲ್ಲ, ಎದ್ದಾಗ ತಲೆ ತಿರುಗಿ ಬೀಳ್ತಾರೆ, ನಿಮ್ಮ ಅಮ್ಮನ ಸೊಂಟ ಈಗಾಗಲೇ ಒಂದು ಸಲ ಮುರಿದಿದೆ. ಪ್ರಿಸ್ಕ್ರಿಪ್ಷನ್ ಫೋಟೋ ತರಿಸ್ಕೊಂಡು ಡಾಕ್ಟರ್ ಹತ್ರ ಒಂದೊಂದೇ ಮಾತ್ರೆ ಯಾಕೆ ಅಂತ ಕೇಳಿ. ಜೊತೆಗೆ ರಕ್ತ ಪರೀಕ್ಷೆ ಮಾಡ್ಸಿ, ಯಾಕಂದ್ರೆ ಇಳಿದುಹೋಗೋದಕ್ಕೆ ಥೈರಾಯ್ಡ್, ಶುಗರ್, ಟಿಬಿ, ಕ್ಯಾನ್ಸರ್, ಖಿನ್ನತೆ, ಕೊನೆಗೆ ಹಲ್ಲಿನ ನೋವು ಕೂಡ ಕಾರಣ ಇರಬಹುದು, ಮಂಕು ಕವಿದಂಗೆ ಇರೋದಕ್ಕೆ ಬರೀ ಯೂರಿನ್ ಇನ್ಫೆಕ್ಷನ್ ಸಾಕು. ಆ ಹುಡುಗಿ ಮೇಲೆ ಗೂಬೆ ಕೂರಿಸೋ ಮುಂಚೆ ಇಷ್ಟು ಆಗ್ಲಿ.

ಅಮ್ಮನ ಜೊತೆ ಮಾತಾಡೋವಾಗ ಹುಡುಗಿ ಅಂಗಡಿಗೆ ಹೋಗಿರ್ಲಿ. "ಹೇಗಿದೀಯಮ್ಮ" ಅಂದ್ರೆ "ಚೆನ್ನಾಗಿದೀನಿ" ಅಂತಾನೇ ಉತ್ತರ, ಆ ಪೀಳಿಗೆ ಹಾಗೆ, ಅದರ ಮೇಲೆ ಹೇಳಿಬಿಟ್ರೆ ಇರೋಳೂ ಬಿಟ್ಟು ಹೋಗ್ತಾಳೆ, ಆಮೇಲೆ ಆಶ್ರಮಕ್ಕೆ ಸೇರಿಸ್ತಾರೆ ಅನ್ನೋ ಭಯ. ನೆನ್ನೆ ರಾತ್ರಿ ಬಾತ್‌ರೂಮಿಗೆ ಎದ್ದಾಗ ಯಾರು ಹಿಡ್ಕೊಂಡ್ರು, ಮಧ್ಯಾಹ್ನ ಏನು ಪಲ್ಯ, ಸ್ನಾನ ಕೊನೆಗೆ ಯಾವತ್ತು ಆಯ್ತು, ಹೀಗೆ ಚಿಕ್ಕ ಚಿಕ್ಕದಾಗಿ ಕೇಳಿ.

ಇನ್ನೊಂದು ಕಹಿ ಮಾತು. 24 ಗಂಟೆ ಅಂತ ಬರೆದಿದೀರಿ, ಆ ಹುಡುಗಿ ನಿದ್ದೆ ಮಾಡೋದು ಯಾವಾಗ? ವಾರದ ರಜೆ ಇದೆಯಾ? ನೀವು ಏಜೆನ್ಸಿಗೆ ಕೊಡೋದ್ರಲ್ಲಿ ಅವಳ ಕೈಗೆ ಎಷ್ಟು ಸೇರುತ್ತೆ ಗೊತ್ತಾ? ರಾತ್ರಿ ನಾಲ್ಕು ಸಲ ಎದ್ದು ಹಗಲೂ ದುಡಿಯೋ ಯಾರೇ ಆದ್ರೂ ಮೂರನೇ ತಿಂಗಳಿಗೆ ಕೈ ಬಿಡ್ತಾರೆ. 12 ಗಂಟೆ ಲೆಕ್ಕದಲ್ಲಿ ಇಬ್ಬರು ಆಗದಿದ್ರೆ ವಾರಕ್ಕೊಂದು ದಿನ ಬದಲಿ ಆದ್ರೂ ಇಡಿ. ಮತ್ತೆ ತಪ್ಪು ಅವಳದ್ದೇ ಅಂತ ಖಾತ್ರಿ ಆದ್ರೂ ಅಲ್ಲಿಂದ ಫೋನಲ್ಲಿ ಕೂಗಾಡಿ ಕೆಲಸದಿಂದ ತೆಗೀಬೇಡಿ, ಅವಳು ಬ್ಯಾಗ್ ತಗೊಂಡು ಹೊರಟ್ರೆ ಅವತ್ತು ರಾತ್ರಿ ಅಮ್ಮ ಒಬ್ರೇ. ಬದಲಿ ಜನ ಮನೆ ಒಳಗೆ ಬಂದ್ಮೇಲೆ ಮಾತು. ಸಿಸಿ ಕ್ಯಾಮೆರಾ ಕೇಳ್ತೀರಿ ಅಂತ ಗೊತ್ತು, ಹಾಲಲ್ಲಿ ಇಡಿ, ಅಮ್ಮನಿಗೂ ಅವಳಿಗೂ ಹೇಳಿ ಇಡಿ, ಬಟ್ಟೆ ಬದಲಾಯಿಸೋ ಜಾಗದಲ್ಲಿ ಬೇಡ.

ಪ್ರಶ್ನೆ: ನಾನು ದಾವಣಗೆರೆಯವನು. ಪಕ್ಕದ ಮನೆ ತಾತನಿಗೆ ಹೊರಗಡೆ ವರಾಂಡದಲ್ಲೇ ಚಾಪೆ, ಊಟನೂ ಅಲ್ಲೇ. ಮಗ ಸೊಸೆ ಮದುವೆಗೆ ಅಂತ ಎರಡು ದಿನ ಹೋದಾಗ ಗೇಟಿಗೆ ಬೀಗ ಹಾಕ್ಕೊಂಡು ಹೋಗಿದ್ರು, ನಮ್ಮ ಮನೆಯವಳು ಕಾಂಪೌಂಡ್ ಮೇಲಿಂದ ಇಡ್ಲಿ ಕೊಟ್ಲು. ಹೊರಗಿನವರು ನಾವು ಏನ್ ಮಾಡಕ್ಕಾಗುತ್ತೆ ಸಾರ್, ಆಮೇಲೆ ಜಗಳ ಆಗುತ್ತೆ.

ಉತ್ತರ: ಸಾರ್ ಅಲ್ಲ, ಮೇಡಂ. ಪರವಾಗಿಲ್ಲ.

ಎರಡು ದಿನ ಬೀಗ ಹಾಕಿ ಹೋಗಿದ್ದು ಮನೆ ವಿಷಯ ಅಲ್ಲ, ಅವತ್ತೇ 112ಕ್ಕೆ ಫೋನ್ ಮಾಡಬಹುದಿತ್ತು, ಇನ್ನೊಂದು ಸಲ ಆದ್ರೆ ಮಾಡಿ. ದಿನನಿತ್ಯದ ಸ್ಥಿತಿಗೆ 14567, ಇದು ಎಲ್ಡರ್ ಲೈನ್, ಹಿರಿಯ ನಾಗರಿಕರಿಗಂತಲೇ ಇಡೀ ದೇಶಕ್ಕೆ ಇರೋ ಉಚಿತ ನಂಬರು, 2021ರಿಂದ ಇದೆ, ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನವರಿಗೆ 1090 ಕೂಡ ಇದೆ, ಅದು ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟೂ ಸೇರಿ ಶುರು ಮಾಡಿದ್ದು.

ಫೋನ್ ಮಾಡೋ ಮುಂಚೆ ಒಂದು ನೋಟ್‌ಬುಕ್ಕಲ್ಲಿ ತಾರೀಕು ಹಾಕಿ ಬರೆದಿಡಿ, ಇಂಥ ದಿನ ಬೀಗ ಇತ್ತು, ಇಂಥ ದಿನ ಮಧ್ಯಾಹ್ನ ಊಟ ಇರ್ಲಿಲ್ಲ ಅಂತ. "ಅವರು ಸರಿ ಇಲ್ಲ ಸಾರ್" ಅಂದ್ರೆ ಯಾರೂ ಬರಲ್ಲ, ತಾರೀಕು ಹೇಳಿದ್ರೆ ಬರ್ತಾರೆ. ಹಾಗೇ ತಾತನ ಹತ್ರ ಮಾತಾಡಿ, ಅವರಿಗೆ ಏನು ಬೇಕು ಅಂತ ಕೇಳಿ. ಬೇರೆ ಮನೆ ಬೇಡ, ಒಳಗೆ ಒಂದು ಮಂಚ ಸಾಕು ಅಂತಾರೆ ಎಷ್ಟೋ ಜನ, ಮಗ ಜೈಲಿಗೆ ಹೋಗ್ಲಿ ಅಂತ ಯಾವ ಅಪ್ಪನೂ ಬಯಸಲ್ಲ.

ಕಾನೂನು ಅಂದ್ರೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ, ನಮ್ಮ ರಾಜ್ಯದಲ್ಲಿ ಅದರ ನ್ಯಾಯಮಂಡಳಿ ನಡೆಸೋದು ಉಪವಿಭಾಗಾಧಿಕಾರಿ, ಜನ ಹೇಳೋದು ಎಸಿ ಕೋರ್ಟ್ ಅಂತ. ಅರ್ಜಿ ತಾತನೇ ಹಾಕಬಹುದು, ಅವರ ಕೈಲಾಗದಿದ್ರೆ ಅವರು ಒಪ್ಪಿಗೆ ಕೊಟ್ಟ ನೀವೋ ಒಂದು ಸಂಸ್ಥೆಯೋ ಹಾಕಬಹುದು, ಅದೂ ಇಲ್ಲ ಅಂದ್ರೆ ನ್ಯಾಯಮಂಡಳಿ ತಾನಾಗೇ ಕೈಗೆತ್ತಿಕೊಳ್ಳೋ ಅಧಿಕಾರ ಇದೆ. ಪೂರ್ತಿ ಕೈಬಿಡೋ ಉದ್ದೇಶದಿಂದ ಹಿರಿಯರನ್ನ ಎಲ್ಲಾದ್ರೂ ಬಿಟ್ಟು ಹೋದ್ರೆ ಮೂರು ತಿಂಗಳವರೆಗೆ ಜೈಲು, ಇಲ್ಲ 5,000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಶಿಕ್ಷೆ ಸಣ್ಣದೇ, ನನ್ನ ಕೇಳಿದ್ರೆ ತೀರಾ ಸಣ್ಣದು. 2025ರಲ್ಲಿ ಬೆಳಗಾವಿಯ ಬಿಮ್ಸ್ ಆಸ್ಪತ್ರೆಯಲ್ಲೇ 150ಕ್ಕೂ ಹೆಚ್ಚು ಹಿರಿಯರನ್ನ ಮಕ್ಕಳು ಬಿಟ್ಟುಹೋಗಿದಾರೆ ಅಂತ ವೈದ್ಯಕೀಯ ಶಿಕ್ಷಣ ಸಚಿವರು ಹೇಳಿದ್ದನ್ನ ಪೇಪರಲ್ಲಿ ನೀವೂ ಓದಿರ್ತೀರಿ, ಆಸ್ಪತ್ರೆ ಬೆಡ್ಡಲ್ಲಿ ಊಟ ಸಿಗುತ್ತೆ ಅಂತ ಬಿಟ್ಟು ಹೋದವರು ಅವರು.

ಇಡ್ಲಿ ಕೊಡೋದು ಮಾತ್ರ ನಿಲ್ಲಿಸಬೇಡಿ. ದಿನಾ ಒಂದು ಸಲ ಗೇಟ್ ಹತ್ರ ನಿಂತು ತಾತನನ್ನ ಜೋರಾಗಿ ಮಾತಾಡಿಸಿ, ಅಕ್ಕಪಕ್ಕದವರು ಗಮನಿಸ್ತಾ ಇದಾರೆ ಅಂತ ಒಳಗಿರೋರಿಗೆ ಗೊತ್ತಾಗೋದೇ ಅರ್ಧ ಕೆಲಸ ಮಾಡುತ್ತೆ.

ಪ್ರಶ್ನೆ: ಮೇಡಂ, ನಾನು ಸಾಗರದ ಕಡೆಯವಳು, ಬೈಬೇಡಿ. ಅತ್ತೆಗೆ ಮರೆವಿನ ಕಾಯಿಲೆ, ನಾಲ್ಕು ವರ್ಷ ಆಯ್ತು, ನೋಡ್ಕೊಳ್ಳೋದು ನಾನೊಬ್ಬಳೇ. ಸಂಜೆ ಆದ್ರೆ ಮನೆಗೆ ಹೋಗ್ತೀನಿ ಅಂತ ಬಾಗಿಲು ಬಡೀತಾರೆ, ಡೈಪರ್ ಕಿತ್ತು ಹಾಕ್ತಾರೆ, ಮೊನ್ನೆ ಕೈಯನ್ನ ಮಂಚಕ್ಕೆ ಸೀರೆಯಲ್ಲಿ ಕಟ್ಟಿ ಅಡುಗೆ ಮಾಡಿದೆ. ಒಂದು ಸಲ ಬೇಕಂತಲೇ ಡೈಪರ್ ಬದಲಾಯಿಸದೇ ಹಾಗೇ ಬಿಟ್ಟೆ. ಗೌರಿ ಹಬ್ಬಕ್ಕೆ ಬಂದ ನಾದಿನಿ ನಮ್ಮಮ್ಮನ್ನ ಈ ಸ್ಥಿತಿಗೆ ತಂದಿದೀಯ ಅಂದ್ಲು. ನಾನು ಕೆಟ್ಟವಳಾಗಿಬಿಟ್ಟಿದೀನಾ?

ಉತ್ತರ: ಬೈಯಲ್ಲ ಕಣಮ್ಮ. ಆದ್ರೆ ಎರಡು ಮಾತು ನೇರವಾಗಿ ಹೇಳ್ತೀನಿ. ಕಟ್ಟೋದು ಮತ್ತೆ ಆಗಬಾರದು. ಮರೆವಿನವರಿಗೆ ಯಾಕೆ ಕಟ್ಟಿದಾರೆ ಅಂತ ಅರ್ಥ ಆಗಲ್ಲ, ಎಳೆದಾಡಿ ಚರ್ಮ ಕಿತ್ತು ಬರುತ್ತೆ, ಕೆಲವರ ಕುತ್ತಿಗೆಗೇ ಸುತ್ತಿಕೊಳ್ಳುತ್ತೆ, ಗಲಾಟೆ ಕಮ್ಮಿ ಆಗಲ್ಲ ಜಾಸ್ತಿ ಆಗುತ್ತೆ. ಬೇಕಂತಲೇ ಡೈಪರ್ ಬಿಟ್ಟಿದ್ದು ನಿರ್ಲಕ್ಷ್ಯನೇ, ಅದಕ್ಕೆ ಬೇರೆ ಹೆಸರಿಲ್ಲ. ಆದ್ರೆ ಅದನ್ನ ನೀವೇ ಬರೆದು ಕಳಿಸಿದೀರಿ ನೋಡಿ, ಕೆಟ್ಟವರು ಬರೆಯಲ್ಲ. ನಾಲ್ಕು ವರ್ಷ ಒಬ್ಬಳೇ ಹೊತ್ತಿದ್ದಕ್ಕೆ ಹೀಗಾಗಿದೆ, ನಿಮ್ಮ ಜಾಗದಲ್ಲಿ ನಾದಿನಿ ಇದ್ದಿದ್ರೆ ಆರು ತಿಂಗಳಿಗೇ ಆಗ್ತಿತ್ತು.

ಸಂಜೆ ಹೊತ್ತಿನ ಗಲಾಟೆ ಈ ಕಾಯಿಲೆಯಲ್ಲಿ ಮಾಮೂಲು. ಬೆಳಕು ಕಮ್ಮಿ ಆಗೋ ಮುಂಚೆನೇ ಎಲ್ಲಾ ಲೈಟ್ ಹಾಕಿ, ಮಧ್ಯಾಹ್ನ ಜಾಸ್ತಿ ಮಲಗೋಕೆ ಬಿಡಬೇಡಿ, ನಾಲ್ಕು ಗಂಟೆಗೆ ಅಂಗಳದಲ್ಲಿ ಒಂದು ಸುತ್ತು. "ಮನೆಗೆ ಹೋಗ್ಬೇಕು" ಅಂದ್ರೆ ಇದೇ ನಿಮ್ಮ ಮನೆ ಅಂತ ವಾದ ಬೇಡ, ಕಾಫಿ ಕುಡ್ಕೊಂಡು ಹೋಗೋಣ ಅನ್ನಿ, ಕಾಫಿ ಮುಗಿಯೋ ಹೊತ್ತಿಗೆ ಮರೆತಿರ್ತಾರೆ. ಅಡುಗೆ ಹೊತ್ತಿಗೆ ಕೈಗೆ ಏನಾದ್ರೂ ಕೊಡಿ, ಹೂವು ಬಿಡಿಸೋದು, ಬಟಾಣಿ ಸುಲಿಯೋದು, ಮಡಿಸಿದ ಬಟ್ಟೆ ಮತ್ತೆ ಮಡಿಸೋದು, ಸರಿಯಾಗಿ ಮಾಡ್ತಾರಾ ಅನ್ನೋದು ಮುಖ್ಯ ಅಲ್ಲ. ಡೈಪರ್ ಕೀಳ್ತಾರೆ ಅಂದ್ರೆ ಒಳಗೆ ತುರಿಕೆಯೋ ಉರಿಯೋ ಇದೆಯಾ ನೋಡಿ, ಹೇಳೋಕೆ ಬಾರದವರು ಕಿತ್ತು ತೋರಿಸ್ತಾರೆ. ಇದ್ದಕ್ಕಿದ್ದಂಗೆ ಒಂದೆರಡು ದಿನದಲ್ಲಿ ಜಾಸ್ತಿ ಆದ್ರೆ ಯೂರಿನ್ ಇನ್ಫೆಕ್ಷನ್ ಟೆಸ್ಟ್ ಮಾಡ್ಸಿ. ಕೈ ಎತ್ತೋ ಅಷ್ಟು ಸಿಟ್ಟು ಬಂದಾಗ ಅವರು ಬಿದ್ದುಹೋಗದ ಹಾಗೆ ಕೂರಿಸಿ ನೀವು ಐದು ನಿಮಿಷ ಹಿತ್ತಲಿಗೆ ಹೋಗಿ, ಅದು ನಿರ್ಲಕ್ಷ್ಯ ಅಲ್ಲ. ನಿದ್ದೆ ಇಲ್ಲದೇ ತಲೆ ಕೆಟ್ಟು ಅಳು ಬರೋ ರಾತ್ರಿಗಳಿಗೆ ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿ 14416 ಇದೆ, ಯಾವ ಹೊತ್ತಲ್ಲಾದ್ರೂ ಕನ್ನಡದಲ್ಲಿ ಮಾತಾಡ್ತಾರೆ.

ಈಗ ನಾದಿನಿ ವಿಷಯ, ಇದು ನನಗೂ ಸ್ವಲ್ಪ ಸಿಟ್ಟು ತರಿಸಿದ್ದು. ಕಾಯ್ದೆಯಲ್ಲಿ ಮಕ್ಕಳು ಅಂದ್ರೆ ಮಗ, ಮಗಳು, ವಯಸ್ಸಿಗೆ ಬಂದ ಮೊಮ್ಮಕ್ಕಳು. ಸೊಸೆ ಹೆಸರು ಅದರಲ್ಲಿ ಇಲ್ಲವೇ ಇಲ್ಲ! ಅಂದ್ರೆ ಅಮ್ಮನ್ನ ನೋಡ್ಕೊಳ್ಳೋ ಹೊಣೆ ಕಾನೂನು ಪ್ರಕಾರ ನಿಮ್ಮ ಯಜಮಾನರದ್ದು ಮತ್ತೆ ಹಬ್ಬಕ್ಕೆ ಬಂದು ಮಾತಾಡಿದ ಆ ಮಗಳದ್ದು, ನೀವು ಮಾಡ್ತಾ ಇರೋದು ಅವರ ಪಾಲಿನ ಕೆಲಸ. ಇದನ್ನ ಜಗಳಕ್ಕೆ ಬಳಸಿ ಅಂತ ಹೇಳ್ತಿಲ್ಲ, ಯಜಮಾನರನ್ನ ಕೂರಿಸಿ ಮಾತಾಡೋಕೆ ಬಳಸಿ. ಭಾನುವಾರ ಬೆಳಗಿನ ಸ್ನಾನ, ಡೈಪರ್, ಊಟ ಅವರದ್ದು, ನೀವು ಮನೆಯಲ್ಲಿರಬಾರದು. ಮನೆಯಲ್ಲಿದ್ರೆ "ಏ ಇಲ್ಲಿ ಬಾರೇ ಸ್ವಲ್ಪ" ಅಂತ ಕರೀತಾರೆ, ಗೊತ್ತಿರೋದೇ. ನಾದಿನಿ ವರ್ಷಕ್ಕೆರಡು ಸಲ ಹದಿನೈದು ದಿನ ಬಂದಿರ್ಲಿ, ಇಲ್ಲ ಅಂದ್ರೆ ಹಗಲು ಹೊತ್ತಿಗೆ ಒಬ್ಬ ಹೆಂಗಸನ್ನ ಇಟ್ಕೊಳ್ಳೋ ದುಡ್ಡು ಕಳಿಸ್ಲಿ. ಎರಡೂ ಆಗಲ್ಲ ಅಂದ್ರೆ ಗೌರಿ ಹಬ್ಬದ ಬಾಗಿನ ತಗೊಂಡು ಸುಮ್ಮನೆ ಹೋಗ್ಲಿ.

ಪ್ರಶ್ನೆ: ನಮಸ್ಕಾರ್ರೀ, ಹಾವೇರಿ ಜಿಲ್ಲಾದಾವ ನಾನು, 74 ವರ್ಷ. 2019ರಾಗ ಇದ್ದ ಮನಿ, ಎರಡ ಎಕರೆ ಹೊಲ ಮಗನ ಹೆಸರಿಗಿ ದಾನಪತ್ರ ಮಾಡಿಕೊಟ್ಟೀನ್ರಿ. ಈಗ ನನ್ನ ಹಿತ್ತಲ ತಗಡಿನ ಶೆಡ್ಡಿನ್ಯಾಗ ಹಾಕ್ಯಾರ. ಎರಡ ಹೊತ್ತ ರೊಟ್ಟಿ ಕೊಡ್ತಾರ, ಒಮ್ಮೊಮ್ಮಿ ಅದೂ ಇಲ್ಲ. ಕೊಟ್ಟದ್ದ ತಿರುಗಿ ಬರ್ತದೇನ್ರಿ? ವಕೀಲರಿಗೆ ಕೊಡ್ಲಿಕ್ಕೆ ನನ್ನ ಹತ್ರ ರೊಕ್ಕ ಇಲ್ಲ.

ಉತ್ತರ: ಹಿರಿಯರೆ, ಬರೋ ಸಾಧ್ಯತೆ ಇದೆ, ಆದ್ರೆ ಅದು ನಿಮ್ಮ ದಾನಪತ್ರದಲ್ಲಿ ಏನು ಬರೆದಿದೆ ಅನ್ನೋದರ ಮೇಲೆ ನಿಂತಿದೆ. ಅದೇ ಕಾಯ್ದೆಯ 23ನೇ ಸೆಕ್ಷನ್ ಹೇಳೋದು ಏನಂದ್ರೆ, ನನ್ನನ್ನ ನೋಡ್ಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಆಸ್ತಿ ಕೊಟ್ಟು, ತಗೊಂಡವರು ನೋಡ್ಕೊಳ್ಳದೇ ಹೋದ್ರೆ, ಆ ದಾನವನ್ನ ಮೋಸದಿಂದಲೋ ಒತ್ತಾಯದಿಂದಲೋ ಆಗಿದ್ದು ಅಂತ ತಿಳಿದು ನ್ಯಾಯಮಂಡಳಿ ರದ್ದು ಮಾಡಬಹುದು. ಷರತ್ತು ಇಲ್ಲದ ಪತ್ರಕ್ಕೆ ಈ ಸೆಕ್ಷನ್ ಬರಲ್ಲ ಅಂತ 2022ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಒಬ್ಬ ತಾಯಿ ಕೇಸಲ್ಲಿ ಅದೇ ಕೋರ್ಟು, ಇದು ಹಿರಿಯರ ಸಲುವಾಗಿ ಮಾಡಿದ ಕಾನೂನು, ಅದನ್ನ ಉದಾರವಾಗಿ ಓದಬೇಕು ಅಂತ ಹೇಳಿ ದಾನಪತ್ರ ರದ್ದು ಮಾಡಿ ಆಸ್ತಿಯನ್ನ ತಾಯಿಗೆ ವಾಪಸ್ ಕೊಡಿಸ್ತು, ಅಲ್ಲಿ ಕೊನೆವರೆಗೂ ನೋಡ್ಕೊಳ್ತೀನಿ ಅಂತ ಮಗ ಬೇರೆ ಕಾಗದದಲ್ಲಿ ಬರೆದುಕೊಟ್ಟಿದ್ದೂ ಲೆಕ್ಕಕ್ಕೆ ಬಂತು. ಹಾಗಾಗಿ ಮೊದಲು ಸಬ್ ರಿಜಿಸ್ಟ್ರಾರ್ ಆಫೀಸಿಂದ ದಾನಪತ್ರದ ನಕಲು ತಗೊಳ್ಳಿ, ಅವತ್ತು ಮಗ ಬೇರೆ ಏನಾದ್ರೂ ಬರೆದುಕೊಟ್ಟಿದ್ರೆ ಹುಡುಕಿ.

ವಕೀಲರ ಚಿಂತೆ ಬೇಡ. ಎಸಿ ಆಫೀಸಲ್ಲಿ ನೀವೇ ಬರೆದುಕೊಟ್ಟ ಅರ್ಜಿ ಸಾಕು, ಈ ಕಾಯ್ದೆನೇ ವಕೀಲರಿಲ್ಲದೇ ನಡೀಲಿ ಅಂತ ಮಾಡಿದ್ದು. ಬರೆಯೋಕೆ ಸಹಾಯ ಬೇಕಾದ್ರೆ ಜಿಲ್ಲಾ ಕೋರ್ಟಿನ ಆವರಣದಲ್ಲಿರೋ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಅರ್ಜಿಯಲ್ಲಿ ಎರಡು ಬೇಡಿಕೆ ಇರ್ಲಿ, ದಾನಪತ್ರ ರದ್ದು ಒಂದು, ಜೀವನಾಂಶ ಇನ್ನೊಂದು. ದಾನಪತ್ರದ ಮಾತು ಬಿದ್ದುಹೋದ್ರೂ ಜೀವನಾಂಶ ನಿಲ್ಲುತ್ತೆ, ತಿಂಗಳಿಗೆ 10,000 ರೂಪಾಯಿವರೆಗೆ ಕೊಡಿಸಬಹುದು, ಕೇಸ್ ನಡೀತಾ ಇರೋವಾಗಲೇ ಮಧ್ಯಂತರವಾಗಿ ಇಷ್ಟು ಕೊಡು ಅಂತ ಆರ್ಡರ್ ಮಾಡಬಹುದು, ಅದನ್ನ ಬಾಯಿಬಿಟ್ಟು ಕೇಳಿ, ಕೇಳದಿದ್ರೆ ಕೊಡಲ್ಲ. ಜೀವನಾಂಶದ ಅರ್ಜಿ ನೋಟಿಸ್ ಮುಟ್ಟಿದ 90 ದಿನದಲ್ಲಿ ಮುಗೀಬೇಕು ಅಂತ ಕಾಯ್ದೆ, ಎಸಿಗೆ ಚುನಾವಣೆ ಪ್ರವಾಹ ಅಂತ ನೂರು ಕೆಲಸ, ಎಳೀಬಹುದು. ಅವರ ಆದೇಶ ಸರಿ ಕಾಣದಿದ್ರೆ 60 ದಿನದ ಒಳಗೆ ಡಿಸಿ ಹತ್ರ ಅಪೀಲು. ಅಲ್ಲಿವರೆಗೆ ಹೊಟ್ಟೆ ಕಾಯಬಾರದು, ಇವತ್ತೇ 14567ಕ್ಕೆ ಹೇಳಿ.

ಇದನ್ನ ಓದ್ತಾ ಇರೋ ಬೇರೆ ಹಿರಿಯರಿಗೆ: ಇನ್ನೂ ಬರೆದುಕೊಟ್ಟಿಲ್ಲ ಅಂದ್ರೆ ದಾನಪತ್ರದ ಬದಲು ಉಯಿಲು ಬರೀರಿ, ಅದನ್ನ ಬದುಕಿರೋವರೆಗೂ ಬದಲಾಯಿಸಬಹುದು. ದಾನಪತ್ರನೇ ಆಗಬೇಕು ಅಂತ ಮಕ್ಕಳು ಹಠ ಹಿಡಿದ್ರೆ, ನೋಡ್ಕೊಳ್ಳೋ ಷರತ್ತು ಮತ್ತೆ ನಾನು ಬದುಕಿರೋವರೆಗೂ ಈ ಮನೆಯಲ್ಲಿರೋ ಹಕ್ಕು ನನ್ನದು ಅನ್ನೋದು, ಎರಡನ್ನೂ ಪತ್ರದಲ್ಲೇ ಬರೆಸಿ. ಮಗ ಬೇಜಾರು ಮಾಡ್ಕೊಂಡ್ರೆ ಮಾಡ್ಕೊಳ್ಲಿ.

ಪ್ರಶ್ನೆ: ಅಪ್ಪನ ಕೈಮೇಲೆ ಅಲ್ಲಲ್ಲಿ ನೇರಳೆ ಕಲೆ. ನೋಡ್ಕೊಳ್ಳೋ ಹುಡುಗ ಹೊಡೀತಾನಾ ಅಂತ ಭಯ. ಅಪ್ಪನಿಗೆ ಸ್ಟೆಂಟ್ ಆಗಿದೆ. (ಮಂಗಳೂರು)

ಉತ್ತರ: ಸ್ಟೆಂಟ್ ಆದವರಿಗೆ ರಕ್ತ ತೆಳು ಮಾಡೋ ಮಾತ್ರೆ ಇರುತ್ತೆ, ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಥರದ್ದು. ವಯಸ್ಸಾದ ಚರ್ಮ ಬೇರೆ, ಬಾಗಿಲಿಗೆ ಕೈ ತಾಗಿದ್ರೂ ಮುಂಗೈ ಮೇಲೆ ನೇರಳೆ ಕಲೆ ಬೀಳುತ್ತೆ, ಇದು ಬಹಳ ಸಾಮಾನ್ಯ. ಅನುಮಾನ ಪಡಬೇಕಾದ್ದು ಬೇರೆ ಜಾಗದಲ್ಲಿ: ತೋಳಿನ ಒಳಭಾಗ, ಕಿವಿ, ಕುತ್ತಿಗೆ, ಎರಡೂ ಮಣಿಕಟ್ಟಿನ ಸುತ್ತ ಬಳೆ ಥರ, ಬೆರಳು ಒತ್ತಿದ ಗುರುತು. ಆ ಹುಡುಗನನ್ನೂ ಅಪ್ಪನನ್ನೂ ಬೇರೆ ಬೇರೆಯಾಗಿ ಕೇಳಿ, ಇಬ್ಬರ ಕಥೆ ಹೊಂದುತ್ತಾ ನೋಡಿ. ಕಲೆಗಳ ಫೋಟೋ ತಾರೀಕಿನ ಜೊತೆ ತೆಗೆದಿಟ್ಟುಕೊಂಡು ಹೃದಯದ ಡಾಕ್ಟರಿಗೆ ತೋರಿಸಿ, ಆದ್ರೆ ಹೆದರಿ ಆ ಮಾತ್ರೆಯನ್ನ ನೀವಾಗೇ ನಿಲ್ಲಿಸಬೇಡಿ, ಸ್ಟೆಂಟ್ ಮುಚ್ಚಿಹೋಗಬಹುದು.